ಪ್ಲಗ್ ಹೊಂದಿದರೆ ಸಾಕೇ?

ಬೇಸಿಗೆಯಲ್ಲಿ ಅರವಟಿಗೆ ಇಡುವವರು ನೀರು ಕೊಡುವ ಮುನ್ನ ದಾರಿಹೋಕನ ಹೆಸರು ಕೇಳುವುದಿಲ್ಲ. ಯುರೋಪಿನ ರಸ್ತೆ ಬದಿಗಳಲ್ಲಿ ವಿದ್ಯುತ್ ಕಾರುಗಳಿಗಾಗಿ ನೆಟ್ಟಿರುವ ಚಾರ್ಜಿಂಗ್ ಕಂಬಗಳ ಕಥೆ ಓದುವಾಗ ನಮಗೆ ಈ ಅರವಟಿಗೆಯೇ ನೆನಪಾಗುತ್ತದೆ. ಅಲ್ಲಿ ಕರೆಂಟು ಪುಕ್ಕಟೆಯಲ್ಲ, ನಿಜ. ಆದರೆ ದುಡ್ಡು ಕೊಡಲು ಸಿದ್ಧನಿರುವವನನ್ನೂ 'ನೀನು ನಮ್ಮ ಸದಸ್ಯನೇ?' ಎಂದು ಕೇಳಿ ವಾಪಸು ಕಳಿಸಬಹುದೇ?

ಮೊದಲ ಜಗಳ ಪ್ಲಗ್ಗಿನದು. ಜರ್ಮನಿಯ ಮೆನ್ನೆಕೆಸ್ ಕಂಪನಿ ಏಳು ಪಿನ್ನಿನ ಪ್ಲಗ್ ಒಂದನ್ನು ರೂಪಿಸಿತು. ಅದೇ ಟೈಪ್ 2. 2010ರಲ್ಲಿ ಫ್ರಾನ್ಸಿನ ಶ್ನೈಡರ್, ಲೆಗ್ರಾಂ ಮತ್ತು ಇಟಲಿಯ ಸ್ಕಾಮೆ ಕಂಪನಿಗಳು ಒಂದಾಗಿ ಟೈಪ್ 3ರ ಪರ ನಿಂತವು. ಸಾಕೆಟ್ಟಿನ ತೂತಿನಲ್ಲಿ ಯಾರಾದರೂ ಬೆರಳಿಟ್ಟು ಅಪಾಯವಾಗದಂತೆ ಒಳಗೆ ಮುಚ್ಚಳವಿರಬೇಕು ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಇನ್ನು ವೇಗದ ಚಾರ್ಜಿಂಗ್‌ಗೆ ಜಪಾನಿನ ಚಾಡೆಮೊ ಇತ್ತು. 'ಒಂದು ಚಹಾ ಕುಡಿಯೋಣವೇ' ಎಂಬರ್ಥದ ಜಪಾನಿ ಮಾತು ಆ ಹೆಸರಿನಲ್ಲಿ ಅಡಗಿದೆ. ಆದರೆ ಕಂಬದ ಪ್ಲಗ್ಗೇ ಕಾರಿಗೆ ಹೊಂದದಿದ್ದರೆ ಎಷ್ಟು ಚಹಾ ಕುಡಿದರೇನು?

2013ರ ಜನವರಿಯಲ್ಲಿ ಯುರೋಪಿಯನ್ ಆಯೋಗ ಟೈಪ್ 2 ಪ್ಲಗ್ಗನ್ನು ಎಲ್ಲರಿಗೂ ಸಮಾನವಾಗಿ ಸೂಚಿಸಿತು. 2014ರಲ್ಲಿ ಅದು ನಿರ್ದೇಶನವಾಯಿತು. 2017ರ ನವೆಂಬರ್ 18ರಿಂದ ಹೊಸದಾಗಿ ನೆಡುವ ಸಾರ್ವಜನಿಕ ಕಂಬಗಳಲ್ಲಿ ಸಾಧಾರಣ ಚಾರ್ಜಿಂಗ್‌ಗೆ ಟೈಪ್ 2, ವೇಗದ ಡಿಸಿ ಚಾರ್ಜಿಂಗ್‌ಗೆ ಸಿಸಿಎಸ್ 2 ಇರಲೇಬೇಕು. ಬೇಕಿದ್ದವರು ಮುಚ್ಚಳವನ್ನೂ ಸೇರಿಸಿಕೊಳ್ಳಬಹುದು, ಜೊತೆಗೆ ಚಾಡೆಮೊ ಕೂಡ ಇಡಬಹುದು. ಸೋತವರ ಮಾತಿನಲ್ಲಿದ್ದ ಸತ್ಯಕ್ಕೂ ಜಾಗ ಕೊಟ್ಟ ತೀರ್ಮಾನವಿದು. ಉರ್ದು ಮತ್ತು ಕನ್ನಡ ಎರಡರಲ್ಲೂ ಓದಿ ಬೆಳೆದ ನಮಗೆ 'ಎಲ್ಲರಿಗೂ ಒಂದೇ' ಎಂಬ ಮಾತು ಕೇಳಿದೊಡನೆ ಸ್ವಲ್ಪ ಭಯವಾಗುತ್ತದೆ. ಆದರೆ ಭಾಷೆ ಬೇರೆ, ಪ್ಲಗ್ ಬೇರೆ. ಎರಡು ಭಾಷೆಯಿಂದ ಮನೆಗೆ ಲಾಭವೇ ಹೊರತು ನಷ್ಟವಿಲ್ಲ. ಹೊಂದದ ಪ್ಲಗ್ಗಿನಿಂದ ಪ್ರಯಾಣಿಕ ನಡುದಾರಿಯಲ್ಲಿ ನಿಲ್ಲುತ್ತಾನೆ.

ಪ್ಲಗ್ ಒಂದಾದ ಮೇಲೆ ಎಲ್ಲವೂ ಸರಿಹೋಯಿತೇ? 2023ರ ಬೇಸಿಗೆಯಲ್ಲಿ ನಾವು ಅಮ್ಮಿಯನ್ನು ಕರೆದುಕೊಂಡು ಜರ್ಮನಿಯಲ್ಲಿರುವ ತಮ್ಮನ ಮನೆಗೆ ಹೋಗಿದ್ದೆವು. ಅವನ ಕಾರಿನಲ್ಲಿ ಊರು ಸುತ್ತಿ ಬರುವಾಗ ಸಂಜೆ ಒಂದು ಕಂಬದ ಬಳಿ ನಿಂತೆವು. ಪ್ಲಗ್ ಸರಿಯಾಗಿ ಕೂತಿತು, ಕರೆಂಟು ಬರಲಿಲ್ಲ. ತಮ್ಮ ಜೇಬಿನಿಂದ ಒಂದೊಂದೇ ಕಾರ್ಡು ತೆಗೆದು ತೋರಿಸಿದ. ಯಾವುದನ್ನೂ ಅದು ಒಪ್ಪಲಿಲ್ಲ. ಅದರದ್ದೇ ಆ್ಯಪ್ ಹಾಕಿಕೊಂಡು, ಹೆಸರು ವಿಳಾಸ ಕೊಟ್ಟು ನೋಂದಾಯಿಸಬೇಕಂತೆ. ಅಲ್ಲಿ ನೋಡಿದರೆ ಫೋನಿಗೆ ಸಿಗ್ನಲ್ಲೇ ಇಲ್ಲ. "ದುಡ್ಡು ಕೊಡ್ತೀವಿ ಅಂದ್ರೂ ಬೇಡ ಅನ್ನುತ್ತಾ ಬೇಟಾ?" ಎಂದು ಅಮ್ಮಿ ಕೇಳಿದರು. ತಮ್ಮ ನಗುತ್ತಾ, "ಅದಕ್ಕೆ ದುಡ್ಡಿಗಿಂತ ಮೊದಲು ನನ್ನ ಗುರುತು ಬೇಕು ಅಮ್ಮಿ" ಎಂದ.

ಒಪ್ಪಂದವಿಲ್ಲದವರಿಗೂ ಚಾರ್ಜ್ ಮಾಡಿಕೊಳ್ಳುವ ಅವಕಾಶವಿರಬೇಕೆಂದು 2014ರ ನಿರ್ದೇಶನವೇ ಹೇಳಿತ್ತು. ದುಡ್ಡು ಹೇಗೆ ಕಟ್ಟಬೇಕೆಂಬುದನ್ನು ಮಾತ್ರ ಬಿಡಿಸಿ ಹೇಳಿರಲಿಲ್ಲ. ಆ ಕೊರತೆ ನೀಗಿಸಿದ್ದು 2024ರ ಏಪ್ರಿಲ್ 13ರಿಂದ ಜಾರಿಗೆ ಬಂದ ಹೊಸ ಕಾಯಿದೆ. ಅಂದಿನಿಂದ ನೆಡುವ 50 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚು ಶಕ್ತಿಯ ಕಂಬಗಳು ಸಾಮಾನ್ಯ ಬ್ಯಾಂಕ್ ಕಾರ್ಡನ್ನು ಸ್ವೀಕರಿಸಬೇಕು. ಚಿಕ್ಕ ಕಂಬಗಳಲ್ಲಿ ಕ್ಯೂಆರ್ ಕೋಡ್‌ನಂಥ ವ್ಯವಸ್ಥೆಯಾದರೂ ಇರಬೇಕು. ದೊಡ್ಡ ಕಂಬಗಳಲ್ಲಿ ದರವನ್ನು ಯೂನಿಟ್ ಲೆಕ್ಕದಲ್ಲಿ ಮೊದಲೇ ತೋರಿಸಬೇಕು. ಮುಖ್ಯ ಹೆದ್ದಾರಿ ಜಾಲದ ಹಳೆಯ ದೊಡ್ಡ ಕಂಬಗಳಿಗೆ ಕಾರ್ಡಿನ ವ್ಯವಸ್ಥೆ ಮಾಡಲು 2027ರ ಜನವರಿ 1ರ ಗಡುವು. ಪ್ರಮುಖ ಹೆದ್ದಾರಿಗಳಲ್ಲಿ ಪ್ರತಿ 60 ಕಿಲೋಮೀಟರ್ ಒಳಗೆ ಒಂದು ಚಾರ್ಜಿಂಗ್ ತಾಣವಿರಬೇಕೆಂದು 2025ರ ಕೊನೆಯ ಕಾಲಮಿತಿಯನ್ನೂ ಹಾಕಲಾಗಿತ್ತು.

ಆ ಕಾಯಿದೆಯಲ್ಲಿ ನಮ್ಮ ಮನಸ್ಸಿಗೆ ಹಿಡಿಸಿದ್ದು 'ಸಾರ್ವಜನಿಕ' ಎಂಬ ಪದಕ್ಕೆ ಕೊಟ್ಟ ಅರ್ಥ. ಜಾಗ ಸರ್ಕಾರದ್ದೇ ಆಗಿರಲಿ, ಖಾಸಗಿಯವರದೇ ಆಗಿರಲಿ, ಜನರಿಗೆ ತೆರೆದಿದ್ದರೆ ಅಲ್ಲಿನ ಕಂಬ ಸಾರ್ವಜನಿಕವೇ. ಅಂಗಡಿ ಮುಂದಿನ ಕಂಬದ ಮಾಲೀಕ 'ಇದು ನನ್ನ ಜಾಗ' ಎಂದು ನಿಯಮದಿಂದ ತಪ್ಪಿಸಿಕೊಳ್ಳುವಂತಿಲ್ಲ.

ಕೆರೆ ಬಾವಿಗಳ ಬಳಿ ಮನುಷ್ಯನ ಗುರುತು ಕೇಳಿದ ಇತಿಹಾಸ ನಮ್ಮ ನಾಡಿಗಿದೆ. ಬಾವಿ ಊರಿನದೆಂದು ಹೇಳುತ್ತಲೇ ಕೆಲವರನ್ನು ಅದರ ಹತ್ತಿರಕ್ಕೂ ಬಿಡಲಿಲ್ಲ. ಕಂಬದ ಸದಸ್ಯತ್ವವನ್ನು ಆ ಅನ್ಯಾಯದ ಪಕ್ಕ ನಿಲ್ಲಿಸುವುದು ಅತಿಯಾದೀತು. ಆದರೂ ಪಾಠ ಒಂದೇ: ಸೌಲಭ್ಯ ಕಟ್ಟಿದ ಮಾತ್ರಕ್ಕೆ ಅದು ಎಲ್ಲರದ್ದಾಗುವುದಿಲ್ಲ. ಅಪರಿಚಿತನೂ ಅದನ್ನು ಬಳಸಬಹುದೆಂದು ಯಾರಾದರೂ ಬರೆದಿಡಬೇಕು, ಬರೆದದ್ದನ್ನು ನಡೆಸಬೇಕು.

ಇಂದು ಕರ್ನಾಟಕದ ರಸ್ತೆಗಳಲ್ಲಿ ಓಡುವ ಹೆಚ್ಚಿನ ವಿದ್ಯುತ್ ಕಾರುಗಳ ವೇಗದ ಪ್ಲಗ್ ಕೂಡ ಅದೇ ಸಿಸಿಎಸ್ 2. ಯುರೋಪಿನ ಪ್ಲಗ್ಗನ್ನು ನಾವು ಸ್ವೀಕರಿಸಿದ್ದಾಯಿತು. ಅದರ ಜೊತೆ ಅಲ್ಲಿನವರು ತಡವಾಗಿ ಕಲಿತ ಪಾಠವನ್ನೂ ಸ್ವೀಕರಿಸಿದರೆ, ನಾಳೆ ನಮ್ಮ ದಾರಿಯ ಮುಸಾಫಿರ ಯಾರ ಸದಸ್ಯನೂ ಆಗದೆ ತನ್ನ ಊರು ಸೇರಿಯಾನು.