ಬೊಂಬೆಯೂರಿನ ರಾತ್ರಿಪಾಳಿ

ಡಿಸೆಂಬರ್ ಬಂತೆಂದರೆ ಅಮೆರಿಕದ ಎಷ್ಟೋ ಮನೆಗಳಲ್ಲಿ ಅಗ್ಗಿಷ್ಟಿಕೆಯ ಕಟ್ಟೆಯ ಮೇಲೆ, ಕಿಟಕಿಯ ಅಂಚಿನಲ್ಲಿ ಒಂದು ಪುಟ್ಟ ಊರು ಏಳುತ್ತದೆ. ಹತ್ತಿಯ ಹಿಮ, ಕನ್ನಡಿಯ ಕೆರೆ, ಒಳಗೆ ಬಲ್ಬು ಉರಿಯುವ ಪಿಂಗಾಣಿ ಮನೆಗಳು. ಎರಡು ಮಹಾಯುದ್ಧಗಳ ನಡುವೆ ಜಪಾನಿನಿಂದ ಹೋಗುತ್ತಿದ್ದ ಅಗ್ಗದ ರಟ್ಟಿನ ಮನೆಗಳು ಕ್ರಿಸ್‌ಮಸ್ ಮರದ ಬುಡದಲ್ಲಿ ಇಂಥದೇ ಊರು ಕಟ್ಟಿದ್ದವು. 1976ರಲ್ಲಿ ಡಿಪಾರ್ಟ್‌ಮೆಂಟ್ 56 ಎಂಬ ಕಂಪನಿ ಆರು ಕಟ್ಟಡಗಳ ‘ಸ್ನೋ ವಿಲೇಜ್’ ಮಾರಲು ತೊಡಗಿದ ಮೇಲೆ ಅದು ಸಂಗ್ರಹಕಾರರ ಗೀಳಾಯಿತು. ನೋಡಲು ಚೆಂದ, ತಕರಾರಿಲ್ಲ. ಆದರೆ ಸ್ವಲ್ಪ ಹೊತ್ತು ದಿಟ್ಟಿಸಿದರೆ ಒಂದು ಅನುಮಾನ ಹುಟ್ಟುತ್ತದೆ: ಈ ಊರಲ್ಲಿ ದುಡಿಯುವವರು ಯಾರು? ಹಿಮದ ಮೇಲೆ ಜಾರುವವರಿದ್ದಾರೆ, ಹಾಡುವವರಿದ್ದಾರೆ, ಉಡುಗೊರೆ ಹೊತ್ತು ಮನೆ ಸೇರುವವರಿದ್ದಾರೆ. ಬೇಕರಿಯ ಕಿಟಕಿ ಬೆಳಗುತ್ತಿದೆ, ಹಿಟ್ಟು ನಾದುವ ಕೈ ಮಾತ್ರ ಕಾಣುವುದಿಲ್ಲ. ಒಬ್ಬಿಬ್ಬರು ಅಲ್ಲಿ ಇಲ್ಲಿ ಸಿಕ್ಕಾರು, ಇಲ್ಲವೆನ್ನಲಾರೆ. ಆದರೆ ಅವರು ಬೀದಿಯ ಅಲಂಕಾರಕ್ಕೆ ಬಂದವರು. ಮನೆಯಲ್ಲಿ ಕ್ರಿಸ್‌ಮಸ್ ಊರು ಕಟ್ಟಲು ಹೊರಟವರು ಎಷ್ಟು ಮನೆ, ಎಷ್ಟು ದೀಪ ಎಂದು ಲೆಕ್ಕ ಹಾಕುವ ಮುಂಚೆ ಎಷ್ಟು ಜನ ಕೆಲಸದಲ್ಲಿದ್ದಾರೆಂದು ನೋಡಬೇಕು ಎಂಬುದು ನನ್ನ ವಾದ.

ಈ ಕಲೆಯ ಇತಿಹಾಸವೇ ಇದಕ್ಕೆ ಸಾಕ್ಷಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸ್ ಕ್ರಿಸ್ತಜನನದ ದೃಶ್ಯ ಏರ್ಪಡಿಸಿದಾಗ ಅಲ್ಲಿ ಊರೆಂಬುದು ಇರಲಿಲ್ಲ. ಹುಲ್ಲು ತುಂಬಿದ ಗೋದಲಿ, ಒಂದು ಎತ್ತು, ಒಂದು ಕತ್ತೆ, ಅಷ್ಟೇ. ಊರು ನಂತರ ಸೇರಿಕೊಂಡಿತು, ಸೇರುವಾಗ ತನ್ನ ಕಸುಬುಗಳನ್ನೆಲ್ಲ ಹೊತ್ತುಕೊಂಡೇ ಬಂತು. ಹದಿನೆಂಟನೇ ಶತಮಾನದ ನೇಪಲ್ಸ್ ಇದರ ಶಿಖರ. ತಂತಿ ಮತ್ತು ನಾರಿನ ಮೈ, ಸುಟ್ಟ ಮಣ್ಣಿನ ತಲೆ, ಗಾಜಿನ ಕಣ್ಣು, ನಿಜವಾದ ಬಟ್ಟೆ. ಮಾಂಸ ತೂಗುಹಾಕಿದ ಕಟುಕ, ಹಣ್ಣಿನ ಬುಟ್ಟಿಯವಳು, ಹೋಟೆಲಿನವನು, ವಾದ್ಯದವರು, ಭಿಕ್ಷುಕರು. 1879ರಲ್ಲಿ ಮಿಕೇಲೆ ಕುಚಿನಿಯೆಲ್ಲೊ ನೇಪಲ್ಸಿನ ಸ್ಯಾನ್ ಮಾರ್ಟಿನೊ ಮ್ಯೂಸಿಯಮ್ಮಿಗೆ ಕೊಟ್ಟ ಸಂಗ್ರಹದಲ್ಲಿ ಶಿಶು ಹುಟ್ಟುವುದು ಕೊಟ್ಟಿಗೆಯಲ್ಲೂ ಅಲ್ಲ, ಪಾಳುಬಿದ್ದ ರೋಮನ್ ದೇಗುಲದ ಕಂಬಗಳ ನಡುವೆ. ಹರ್ಕ್ಯುಲೇನಿಯಂ, ಪಾಂಪೇಯಿಗಳ ಅಗೆತ ಶುರುವಾದ ಶತಮಾನವದು. ನೆಲದಡಿಯಿಂದ ಮೇಲೆ ಬಂದದ್ದು ಬೊಂಬೆಯೂರಿಗೂ ಬಂತು.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ನೇಪಲ್ಸಿನ ಆ ಬೊಂಬೆಗಳನ್ನು ಮಾಡಿಸಿದವರು ದೊರೆಗಳು, ಸರದಾರರು. ಹರಕು ಬಟ್ಟೆಯನ್ನೂ ಹೊಲಿಸಿ, ಕುಂಟನ ಊರುಗೋಲನ್ನೂ ಕೆತ್ತಿಸಿ, ಬಡತನವನ್ನೇ ದಿವಾನಖಾನೆಯ ತಮಾಷೆಯಾಗಿಸಿದರಲ್ಲವೇ? ಹೌದು, ಅರಮನೆಯ ಮಟ್ಟಿಗೆ ಈ ಮಾತು ಸುಳ್ಳಲ್ಲ. ಅದಕ್ಕೆ ಉತ್ತರ ಹುಡುಕಲು ಫ್ರಾನ್ಸಿನ ಪ್ರೊವಾನ್ಸಿಗೆ ಹೋಗಬೇಕು. ಕ್ರಾಂತಿಯ ಕಾಲದಲ್ಲಿ ಚರ್ಚುಗಳಿಗೆ ಬೀಗ ಬಿದ್ದಾಗ ಗೋದಲಿ ಮನೆಯೊಳಗೆ ಬಂತು. ಮಾರ್ಸೇಯ ಕುಶಲಕರ್ಮಿ ಝಾನ್‌ ಲೂಯಿ ಲಾನೆಲ್ ಅಚ್ಚು ಮಾಡಿ ಮಣ್ಣಿನ ಬೊಂಬೆ ಒತ್ತಿದ; ಬಡವರಿಗೂ ಎಟುಕುವ ಸರಕಾಯಿತು. 1803ರಿಂದ ಮಾರ್ಸೇಯಲ್ಲಿ ಅವಕ್ಕೊಂದು ಜಾತ್ರೆಯೇ ನಡೆಯುತ್ತ ಬಂದಿದೆ. ಆ ಸಾಲಿನಲ್ಲಿ ಚಾಕುವಿಗೆ ಸಾಣೆ ಹಿಡಿಯುವವನಿದ್ದಾನೆ, ಮೀನು ಮಾರುವವಳಿದ್ದಾಳೆ, ಹಿಟ್ಟಿನ ಚೀಲ ಹೊತ್ತ ಗಿರಣಿಯವನಿದ್ದಾನೆ. ಅವರು ಶಿಶುವಿಗೆ ತರುವ ಕಾಣಿಕೆ ಅವರವರ ಕಸುಬಿನದೇ: ರೊಟ್ಟಿ, ಮೀನು, ಹಿಟ್ಟು. ನೋಡುವವರೂ ಕೊಳ್ಳುವವರೂ ಅಂಥ ಕಸುಬಿನವರೇ ಆದಮೇಲೆ ತಮಾಷೆಯ ಪ್ರಶ್ನೆ ಎಲ್ಲಿಂದ ಬರಬೇಕು?

ಇಷ್ಟು ಗದ್ದಲದಲ್ಲಿ ಮಗು ಕಳೆದುಹೋಗುವುದಿಲ್ಲವೇ, ಬೆತ್ಲೆಹೇಮಿನಲ್ಲಿ ಆ ಬೊಂಬೆಸಾಲಿನ ಫ್ರೆಂಚ್ ಮೇಯರನಿಗೇನು ಕೆಲಸ ಎಂದು ಶ್ರದ್ಧಾವಂತರು ಕೇಳುತ್ತಾರೆ. ಕೇಳಲಿ. ಆದರೆ ಲೂಕನ ಸುವಾರ್ತೆಯಲ್ಲಿ ಸುದ್ದಿ ಮೊದಲು ಮುಟ್ಟಿದ್ದು ಯಾರಿಗೆ? ಬಯಲಿನಲ್ಲಿ ರಾತ್ರಿಯಿಡೀ ಹಿಂಡು ಕಾಯುತ್ತಿದ್ದ ಕುರುಬರಿಗೆ. ಅವರು ಹಬ್ಬ ಮಾಡುತ್ತ ಕೂತಿರಲಿಲ್ಲ, ಪಾಳಿಯಲ್ಲಿದ್ದರು. ಜನಗಣತಿಯ ನೂಕುನುಗ್ಗಲಿನ ಊರು, ಛತ್ರದಲ್ಲಿ ಜಾಗವಿಲ್ಲ. ಕಥೆಗೆ ಬೇಕಾದ ಸಂದಣಿಯನ್ನು ಲೂಕನೇ ಒದಗಿಸಿದ್ದಾನೆ. ಪ್ರೊವಾನ್ಸಿನವರು ಅದನ್ನು ತಮ್ಮೂರಿನ ಮುಖಗಳಿಂದ ತುಂಬಿದರು. ನೇಪಲ್ಸಿನ ಸ್ಯಾನ್ ಗ್ರೆಗೊರಿಯೊ ಅರ್ಮೆನೊ ಬೀದಿಯ ಬೊಂಬೆಯವರು ಇವತ್ತಿಗೂ ತುಂಬುತ್ತಿದ್ದಾರೆ. ಅಲ್ಲಿ ಫುಟ್‌ಬಾಲಿನ ಮರಡೋನನೂ ಸಿಗುತ್ತಾನೆ, 2020ರಲ್ಲಿ ಮಾಸ್ಕ್ ತೊಟ್ಟ ವೈದ್ಯರು, ನರ್ಸ್‌ಗಳೂ ಬಂದರು. ಮರಡೋನನ ಬಗ್ಗೆ ಜಗಳವಾಡಬಹುದು. ರಾತ್ರಿಪಾಳಿಯ ನರ್ಸ್ ಕುರುಬನ ನೇರ ಸಂಬಂಧಿ, ಅವಳ ಬಗ್ಗೆ ಜಗಳವಿಲ್ಲ.

ಹಬ್ಬದ ಮೇಜಿನ ಮೇಲೂ ದುಡಿಮೆ ಯಾಕೆ, ನಾಲ್ಕು ದಿನ ಮರೆಯಲು ತಾನೇ ಆಟಿಕೆ ಎನ್ನುವವರೂ ಇದ್ದಾರೆ. ಈ ಮಾತಿಗೆ ತೂಕವಿದೆ. ಆದರೂ ‘ಸ್ನೋ ವಿಲೇಜ್’ ಮಾರಿದ ಅದೇ ಕಂಪನಿ 1984ರಿಂದ ಮಾರಿದ ‘ಡಿಕನ್ಸ್ ವಿಲೇಜ್’ ಸರಣಿಯನ್ನು ನೋಡಿ. ಅದರಲ್ಲಿ ಡಿಕನ್ಸನ ಕಥೆಯ ಜಿಪುಣ ಸ್ಕ್ರೂಜನ ಲೆಕ್ಕಪತ್ರದ ಕಚೇರಿಯೂ ಉಂಟು, ಒಳಗೆ ಬೆಚ್ಚಗಿನ ಬಲ್ಬು ಉರಿಯುತ್ತದೆ. ಡಿಕನ್ಸ್ 1843ರಲ್ಲಿ ಬರೆದ ಕಥೆಯಲ್ಲಾದರೋ ಆ ಕಚೇರಿ ಚಳಿಯ ಗೂಡು. ಗುಮಾಸ್ತ ಬಾಬ್ ಕ್ರಾಚಿಟ್‌ಗೆ ಕಲ್ಲಿದ್ದಲು ಕೂಡ ಅಳೆದು ಸುರಿಯುವ ಜಾಗ. ಮರೆಯುವ ಹಂಬಲ ಇಷ್ಟು ಬಲವಾದರೆ ಕಥೆಯೇ ಉಳಿಯುವುದಿಲ್ಲ.

ದುಡಿಯುವವರನ್ನು ಒಳಗೆ ಕರೆಯಲು ದೊಡ್ಡ ಖರ್ಚೇನೂ ಬೇಡ. ಬೆಂಡು, ಪಾಚಿ, ಅರೆದ ಕಾಗದ ಸಾಕು. ದೊಡ್ಡ ಮನೆ ಮುಂದೆ, ಸಣ್ಣದು ಹಿಂದೆ ಇಟ್ಟರೆ ಮೂರಡಿ ಹಲಗೆಯೇ ಕಣಿವೆಯಷ್ಟು ಆಳವಾಗಿ ಕಾಣುತ್ತದೆ. ಆಳು ಬಾಗಿಲಿಗಿಂತ ಎತ್ತರವಾದರೂ ಕಣ್ಣು ಕ್ಷಮಿಸುತ್ತದೆ. ನಮ್ಮ ಕ್ರೈಸ್ತರ ಮನೆಗಳ ಗೋದಲಿಗೆ ಹಬ್ಬದ ಕೆಲದಿನ ಮುಂಚೆ ರಾಗಿಯನ್ನೋ ಭತ್ತವನ್ನೋ ತಟ್ಟೆಯಲ್ಲಿ ಬಿತ್ತಿ ಹುಲ್ಲುಗಾವಲು ಬೆಳೆಸುವ ರೂಢಿಯುಂಟು. ಹಿಮದ ಹತ್ತಿಗಿಂತ ಇದು ನನಗೆ ಮೇಲೆನಿಸುತ್ತದೆ, ದಿನಾ ನೀರು ಹಾಕದಿದ್ದರೆ ಬಾಡುತ್ತದೆಂಬ ಕಾರಣಕ್ಕೇ. ಆ ಹಸಿರಿನ ಅಂಚಿಗೆ ಕುರಿಗಳ ಜೊತೆ ಅಪಾರ್ಟ್‌ಮೆಂಟಿನ ಕಾವಲುಗಾರನನ್ನು, ಕೊನೆಯ ಬಸ್ಸಿನ ಕಂಡಕ್ಟರನನ್ನು ನಿಲ್ಲಿಸಲು ಜಾಗ ಧಾರಾಳವಾಗಿದೆ.