ಮುಳ್ಳಿನ ಮೊನೆ

ಸೂಜಿಯ ಮೊನೆಯಷ್ಟು ನೆಲವನ್ನೂ ಬಿಟ್ಟುಕೊಡೆನೆಂದು ಕೌರವನು ಹಠ ಹಿಡಿದ ಕಥೆ ಎಲ್ಲರೂ ಬಲ್ಲದ್ದೇ. ಅಷ್ಟು ಕಿರಿದಾದ ನೆಲಕ್ಕಾಗಿ ಹದಿನೆಂಟು ಅಕ್ಷೌಹಿಣಿ ಸೇನೆ ಸಾಯಬೇಕಾಯಿತೇ ಎಂದು ನಿಟ್ಟುಸಿರು ಬಿಡುವವರು, ಹಳೆಯ ಟರ್ನ್‌ಟೇಬಲ್ ಇರುವ ಮನೆಯೊಂದನ್ನು ಒಮ್ಮೆ ಹೊಕ್ಕು ನೋಡಬೇಕು. ಅಲ್ಲಿಯ ಸಮರವೆಲ್ಲ ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನಷ್ಟಿರುವ ವಜ್ರದ ಮೊನೆಯೊಂದರ ಸಲುವಾಗಿ!

ಬಸವನಗುಡಿಯ ರಾಯರೊಬ್ಬರ ಮನೆಯಲ್ಲಿ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಯಂತ್ರವಿದೆ. 1979ರಲ್ಲಿ ಹೊರಬಂದ ಮಾದರಿ. ಬೆಲ್ಟಿನ ಹಂಗಿಲ್ಲದೆ ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುತ್ತದೆ. ಭಾವಮೈದುನ ಸಿಂಗಪುರದಿಂದ ಹೊತ್ತು ತಂದದ್ದು. ಇಷ್ಟು ವರ್ಷಗಳಾದರೂ ಅದರ ಗತಿಯಲ್ಲಿ ಎಳ್ಳಷ್ಟು ಲೋಪವಿಲ್ಲ. ಮುಪ್ಪು ಹಿಡಿದದ್ದು ಅದರ ತೋಳಿನ ತುದಿಗೆ, ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಕಾರ್ಟ್ರಿಡ್ಜಿಗೆ. ಅದು ಅಮೆರಿಕದ ಶೂರ್ ಕಂಪನಿಯದು. ಆ ಕಂಪನಿ 2018ರಲ್ಲಿ ಕಾರ್ಟ್ರಿಡ್ಜುಗಳ ತಯಾರಿಕೆಯನ್ನೇ ನಿಲ್ಲಿಸಿತು. ಅಸಲಿ ಮುಳ್ಳಿಗಾಗಿ ರಾಯರು ಅಲೆದದ್ದೆಲ್ಲ ವ್ಯರ್ಥವಾಯಿತು.

ದೋಷವನ್ನು ಮೊದಲು ಗುರುತಿಸಿದವರು ರಾಯರಲ್ಲ, ಎಂಬತ್ತೆಂಟು ದಾಟಿದ ಅವರ ತಾಯಿ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವರು. ಗಂಗೂಬಾಯಿ ಹಾನಗಲ್ಲರ ಹಾಡನ್ನು ಎದುರಿಗೆ ಕುಳಿತು ಕೇಳಿದವರು. ಒಂದು ಸಂಜೆ ಎಲ್‌ಪಿ ಮುಗಿಯುತ್ತ ಬಂದಾಗ ಅವರೆಂದರು: "ತಮ್ಮಾ, ಛಲೋ ಹಾಡ್ಕೋತ ಬಂದು ಕಡೀಕ ಬಾಯಿಯವರ ಬಾಯಾಗ ಉಸುಕು ಬಿದ್ಧಂಗ ಕೇಳಸ್ತದ ನೋಡು. ಇವರು ಹೀಂಗ ಹಾಡಿದ್ದು ನಾ ಎಂದೂ ಕೇಳಿಲ್ಲ."

ಮುದುಕಿಯ ಮಾತು ಭೌತಶಾಸ್ತ್ರಕ್ಕೆ ಸಮ್ಮತವಾದದ್ದೇ. ಎಲ್‌ಪಿ ತಿರುಗುವುದು ನಿಮಿಷಕ್ಕೆ ಮೂವತ್ತಮೂರೂಕಾಲಿಗಿಂತ ತುಸು ಹೆಚ್ಚು ಸುತ್ತು. ಅಂಚಿನಲ್ಲಿ ಗೆರೆಯು ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸರಿದರೆ, ನಡುವಿನ ಚೀಟಿಯ ಹತ್ತಿರ ಬರುವಷ್ಟರಲ್ಲಿ ಅದು 21ಕ್ಕೆ ಇಳಿದಿರುತ್ತದೆ. ಹೊರಗೆ ವಿಶಾಲವಾಗಿ ಹರಡಿಕೊಂಡಿದ್ದ ನಾದವನ್ನು ಒಳಗೆ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮಡಿಸಿಡಬೇಕು. ಆದರೆ ಖಯಾಲಿನ ಕ್ರಮವಾದರೂ ಎಂಥದು? ವಿಲಂಬಿತದಲ್ಲಿ ಮೆಲ್ಲಗೆ ಬಿಚ್ಚಿಕೊಂಡು, ದ್ರುತಕ್ಕೆ ಏರಿ, ತಾನುಗಳ ಮಳೆ ಸುರಿಯುವುದು ಕೊನೆಯಲ್ಲಿ. ಸಂಗೀತದ ಐಶ್ವರ್ಯ ಹೆಚ್ಚಿದಷ್ಟೂ ನೆಲದ ಬಡತನ! ಸವೆದ ಮೊನೆ ಆ ಇಕ್ಕಟ್ಟಿನ ತಿರುವುಗಳಲ್ಲಿ ತಡವರಿಸುತ್ತದೆ. ತಡವರಿಸಿದಷ್ಟೂ ಗೆರೆಯ ಗೋಡೆಯನ್ನು ಕೆತ್ತುತ್ತದೆ. ಕೇಳಿದಷ್ಟೂ ಆ ಕಂಠ ತಟ್ಟೆಯಿಂದ ಅಳಿಯುತ್ತಿತ್ತೆಂದೇ ಹೇಳಬೇಕು.

ರಾಯರು ಮೊದಲು ಕೈಹಾಕಿದ್ದು ದುಬಾರಿಯ ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜಿಗೆ. ಒಂದು ತಿಂಗಳ ಪಿಂಚಣಿ ಅದರ ಪಾಲಾಯಿತು. ಬೆಲೆ ಹೆಚ್ಚಾದರೆ ನಾದವೂ ಹೆಚ್ಚೆಂಬ ಭ್ರಮೆ ರಾಯರೊಬ್ಬರದೇ ಅಲ್ಲ. ಆದರೆ ಮದುವೆಗೆ ಜಾತಕ ನೋಡುವಂತೆ ಇಲ್ಲಿಯೂ ಕೂಡಾವಳಿ ನೋಡಬೇಕಾಗುತ್ತದೆ. ತೋಳಿನ ಭಾರ, ಮುಳ್ಳಿನ ಬುಡದ ಬಿಗಿ ಇವೆರಡೂ ಸೇರಿದಾಗ ಅವಕ್ಕೊಂದು ಸಹಜವಾದ ತೂಗಾಟ ಬರುತ್ತದೆ. ಅದು ಸೆಕೆಂಡಿಗೆ 8ರಿಂದ 12ರ ಒಳಗಿದ್ದರೆ ಸಂಸಾರ ಸುಗಮ. ಕೆಳಗಿಳಿದರೆ ಸೊಟ್ಟ ತಟ್ಟೆಯ ಏರಿಳಿತಕ್ಕೆ, ಕೋಣೆಯಲ್ಲಿ ನಡೆದಾಡುವವರ ಹೆಜ್ಜೆಗೆ ಮುಳ್ಳು ಬೆದರುತ್ತದೆ. ಮೇಲೇರಿದರೆ ಮಂದ್ರವೇ ಕೆಡುತ್ತದೆ. ಬಂದ ಹೆಣ್ಣು ಬಲು ಬಿಗಿ. ಟೆಕ್ನಿಕ್ಸಿನ ತೋಳು ಹಗುರ. ಅದು ಹೊರಡಿಸುವ ವಿದ್ಯುತ್ತೋ ಹಳೆಯದರ ಹತ್ತನೆಯ ಒಂದು ಪಾಲು. ಅದನ್ನು ಹಿಗ್ಗಿಸಲು ಬೇರೊಂದು ಪೆಟ್ಟಿಗೆ! ಜೊತೆಗೆ ಗುಂಡು ಮೊನೆ ಬೇರೆ. ಕೊನೆಯ ಉಸುಕು ಹಾಗೆಯೇ ಉಳಿಯಿತು. ರಾಯರು ಅದನ್ನು ನಷ್ಟಕ್ಕೆ ಮಾರಿದರು.

ಎರಡನೆಯ ಸಲ ತಂದದ್ದು ಆಡಿಯೊ-ಟೆಕ್ನಿಕಾದ ವಿಎಂ95 ಮಾಲಿಕೆಯದು. ಇದರ ಅನುಕೂಲವೆಂದರೆ ಒಡಲು ಒಂದೇ. ಅದಕ್ಕೆ ಗುಂಡು ಮೊನೆ, ಅಂಡಾಕಾರದ ಮೊನೆ, ಮೈಕ್ರೋಲೀನಿಯರ್ ಎಂಬ ಅತಿಸೂಕ್ಷ್ಮ ಮೊನೆ, ಯಾವುದನ್ನಾದರೂ ಸಿಕ್ಕಿಸಬಹುದು. ರಾಯರು ಆರಿಸಿದ್ದು ಕೊನೆಯದನ್ನು. ಆಮೇಲೆ ಜೋಡಣೆಯ ಪರ್ವ ಆರಂಭವಾಯಿತು. ಕೆಂಪು, ಹಸಿರು, ಬಿಳಿ, ನೀಲಿ ಬಣ್ಣದ ಕೂದಲೆಳೆಯಂಥ ನಾಲ್ಕು ತಂತಿ. ಅಕ್ಕಿಕಾಳಿನಷ್ಟು ಸ್ಕ್ರೂ ಎರಡು. ಒಂದು ನೆಲಕ್ಕೆ ಬಿದ್ದು, ಮನೆಮಂದಿಯೆಲ್ಲ ಮೊಬೈಲಿನ ಬೆಳಕಿನಲ್ಲಿ ಚಾಪೆಯಡಿ ಹುಡುಕಿದರು. ಪಂಚಾಂಗ ಓದುವ ಭೂತಗನ್ನಡಿ ಮಾಯವಾಯಿತು. "ಏನೂಂದ್ರೆ, ನನ್ನ ಕುಂಕುಮದ ಕನ್ನಡಿ ಎಲ್ಲಿ?" ಎಂದು ಒಳಗಿನಿಂದ ಕೂಗು. ಕನ್ನಡಿ ತಟ್ಟೆಯ ಮೇಲೆ ಪವಡಿಸಿತ್ತು. ಮುಳ್ಳು ತನ್ನ ಪ್ರತಿಬಿಂಬದೊಡನೆ ನೆಟ್ಟಗೆ ನಿಂತಿದೆಯೇ ಎಂದು ರಾಯರು ಒಂಟಿಗಣ್ಣಿನಲ್ಲಿ ನೋಡುತ್ತಿದ್ದರು.

ತಟ್ಟೆಯನ್ನು ಕೆತ್ತುವ ಯಂತ್ರ ಸರಳರೇಖೆಯಲ್ಲಿ ಚಲಿಸುತ್ತದೆ. ನುಡಿಸುವ ತೋಳು ಕಮಾನಿನಂತೆ ಬಾಗಿ ಬರುತ್ತದೆ. ಈ ವ್ಯತ್ಯಾಸವನ್ನು ಆದಷ್ಟು ತಗ್ಗಿಸುವ ಲೆಕ್ಕವನ್ನು ಸ್ವೀಡನ್ನಿನ ಲೋಫ್‌ಗ್ರೆನ್ 1938ರಲ್ಲಿಯೇ ಹಾಕಿಕೊಟ್ಟಿದ್ದಾನೆ. ಹಾಗೆ ಜೋಡಿಸಿದರೂ ಮುಳ್ಳು ಗೆರೆಗೆ ಪೂರ್ತಿ ಹೊಂದಿ ನಿಲ್ಲುವುದು ಎರಡೇ ಕಡೆ. ರೂಢಿಯ ಅಳತೆಯಂತೆ ಕೇಂದ್ರದಿಂದ ಸುಮಾರು 66 ಮತ್ತು 121 ಮಿಲಿಮೀಟರ್ ದೂರದಲ್ಲಿ. ರಾಯರು ಎರಡು ಸಂಜೆ ಅಲ್ಲಿಯೇ ಕಳೆದರು. ಭಾರವನ್ನು ಮಾತ್ರ ತಟ್ಟೆಯ ಮೇಲಿನ ಮಮತೆಯಿಂದ ಒಂದು ಗ್ರಾಮಿಗೆ ಇಳಿಸಿದ್ದರು. ಹಗುರವಾದಷ್ಟೂ ಕ್ಷೇಮವೆಂಬುದು ಲೋಕದ ನಂಬಿಕೆ, ನಿಜವಲ್ಲ. ಹಗುರಾದ ಮುಳ್ಳು ಗೆರೆಯಲ್ಲಿ ಎಗರಿ ಗೋಡೆಗೆ ಬಡಿಯುತ್ತದೆ. ಕಂಪನಿ ಹೇಳಿದ ಎರಡು ಗ್ರಾಮಿಗೆ ಏರಿಸಿದ ಮೇಲೆಯೇ ತಾನುಗಳು ಬಿಡಿಬಿಡಿಯಾಗಿ ಉದುರಿದವು. ಸವೆದ ಗೆರೆಯ ಚೂರುಚೂರು ಸದ್ದು ಉಳಿಯಿತು; ಉಸುಕು ಹೋಯಿತು.

ತಾಯಿ ಬೇರೇನೂ ಹೇಳಲಿಲ್ಲ. "ಇದು ಎಷ್ಟು ದಿನಾ ಬರ್ತದ?" ಎಂದಷ್ಟೇ ಕೇಳಿದರು. ಸಾವಿರ ಗಂಟೆ ಎಂದರು ರಾಯರು. ಒಂದು ಪಕ್ಕಕ್ಕೆ ಇಪ್ಪತ್ತು ನಿಮಿಷ, ದಿನಕ್ಕೆರಡು ಪಕ್ಕ, ಮುದುಕಿ ಬೆರಳೆಣಿಸಿದರು.

"ನಾಕ ವರ್ಷದ ಮ್ಯಾಲ ಆತು. ಸಾಕು ಬಿಡು ನನಗ."

ರಾಯರು ಆ ವಾರವೇ ಇನ್ನೊಂದು ಮೊನೆಗೆ ಹಣ ಕಟ್ಟಿದರು.