ಬೋಂಜೂರ್ ಕಲೀತಾ ಕಲೀತಾ...

ಮುಂದಿನ ವರ್ಷ ಫ್ರಾನ್ಸ್ ನೋಡ್ಕೊಂಡು ಬರೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದ್ದೇ ತಡ, ನಾನು ಫ್ರೆಂಚ್ ಪುಸ್ತಕ ಹಿಡಿದು ಕೂತೆ. "ಹತ್ತು ದಿನಕ್ಕೆ ಇಷ್ಟೆಲ್ಲ ಯಾಕೆ? ಫೋನೇ ಅನುವಾದ ಮಾಡುತ್ತಲ್ಲ!" ಅಂತ ಗೆಳೆಯರು ನಗ್ತಾರೆ.

ಮಾಡುತ್ತೆ, ನಿಜ. ಆದ್ರೆ ಅಲ್ಲಿ ಅಂಗಡಿಗೆ ಕಾಲಿಟ್ಟ ತಕ್ಷಣ "ಬೋಂಜೂರ್" ಅನ್ನದೆ "ಇದಕ್ಕೆಷ್ಟು?" ಅಂದ್ರೆ ಒರಟುತನ. ಬಸ್ಸು ಹತ್ತಿದ್ರೆ ಡ್ರೈವರಿಗೂ ಬೋಂಜೂರ್. ಇನ್ನು ನಮ್ಮಂಥ ಸಸ್ಯಾಹಾರಿಗಳು "ಮಾಂಸ ತಿನ್ನಲ್ಲ" ಅಂದ್ರೆ ಸಾಲದು, ತಟ್ಟೆಯಲ್ಲಿ ಮೀನು ಬಂದು ಕೂತಿರಬಹುದು! ಮಾಂಸಕ್ಕೆ "ವ್ಯಾಂದ್", ಮೀನಿಗೆ "ಪ್ವಾಸೋಂ". ಎರಡನ್ನೂ ಹೆಸರು ಹಿಡಿದು ಬೇಡ ಅನ್ನಬೇಕು.

ಬರೆದ ಹಾಗೆ ಓದೋ ಕನ್ನಡದ ಸುಖ ಇಲ್ಲಿಲ್ಲ. ಲೆಕ್ಕ ಇನ್ನೂ ಮಜಾ: 80 ಅಂದ್ರೆ "ನಾಲ್ಕು ಇಪ್ಪತ್ತು", 99 ಅಂದ್ರೆ "ನಾಲ್ಕು ಇಪ್ಪತ್ತು ಹತ್ತು ಒಂಬತ್ತು". ಮೇಜು ಹೆಣ್ಣಂತೆ, ಪುಸ್ತಕ ಗಂಡಂತೆ! ಆದ್ರೆ "ತ್ಯು" ಮತ್ತು "ವು" ಮಾತ್ರ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ನಮ್ಮ ನೀನು-ನೀವು ಅಷ್ಟೆ. "ಏಕವಚನದಲ್ಲಿ ಮಾತಾಡಿಸು" ಅನ್ನೋದಕ್ಕೆ ಅವರಲ್ಲಿ ಒಂದು ಕ್ರಿಯಾಪದವೇ ಇದೆ, "ತ್ಯುತ್ವಾಯೆ". ಇಂಗ್ಲಿಷಿನವರಿಗಿಂತ ನಾವೇ ವಾಸಿ ಅಲ್ವಾ?

ಇಷ್ಟರಲ್ಲಿ ಇನ್ನೊಂದು ವಿಷಯ ತಿಳೀತು. "ಭಾಷಾಭಿಮಾನ ಫ್ರೆಂಚರಿಂದ ಕಲೀಬೇಕು" ಅಂತ ನಾವೆಲ್ಲ ಹೇಳ್ತಾ ಇರ್ತೀವಲ್ಲ... ನಾವು ಪ್ಯಾರಿಸ್ಸಿನ ನಂತರ ಹೋಗಬೇಕು ಅಂದ್ಕೊಂಡಿರೋದು ಪಶ್ಚಿಮದ ಬ್ರಿಟನಿಗೆ. ಅಲ್ಲಿನ ಹಳೇ ಭಾಷೆ ಬ್ರೆಟನ್, ಫ್ರೆಂಚಿಗಿಂತ ವೆಲ್ಷ್ ಭಾಷೆಗೆ ಹತ್ತಿರ. ಹಿಂದೆ ಶಾಲೆಯಲ್ಲಿ ಬ್ರೆಟನ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಚಪ್ಪಲಿಯನ್ನೋ ಇನ್ನೇನನ್ನೋ ನೇತುಹಾಕ್ತಿದ್ರಂತೆ. ಅದೇ ತಪ್ಪು ಮಾಡಿದ ಇನ್ನೊಂದು ಮಗುವನ್ನ ಹಿಡಿದುಕೊಡೋ ತನಕ ಅದು ಕೊರಳಲ್ಲೇ! ಗಣರಾಜ್ಯದ ಭಾಷೆ ಫ್ರೆಂಚ್ ಅಂತ 1992ರಲ್ಲಿ ಸಂವಿಧಾನಕ್ಕೆ ಸೇರಿಸಿದರು. ಪ್ರಾದೇಶಿಕ ಭಾಷೆಗಳೂ ನಾಡಿನ ಆಸ್ತಿ ಅನ್ನೋ ಒಂದು ಸಾಲು ಸೇರೋಕೆ 2008 ಬೇಕಾಯ್ತು.

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬೆಂಗಳೂರಿಗೆ ಬಂದವರು ನಾಲ್ಕು ಮಾತು ಕನ್ನಡ ಕಲೀಲಿ ಅನ್ನೋ ನನ್ನ ಆಸೆ ಇದರಿಂದ ಒಂದಿಷ್ಟೂ ಕಮ್ಮಿ ಆಗಿಲ್ಲ. ನಾನೇ ಅವರ ಊರಿಗೆ ಹೊರಟಾಗ ಮಾಡ್ತಿರೋದೂ ಅದನ್ನೇ ತಾನೇ? ಆದ್ರೆ ಮನೆಯಲ್ಲಿ ತುಳು, ಕೊಡವ, ಬ್ಯಾರಿ ಮಾತಾಡೋ ಕನ್ನಡಿಗರಿಗೆ ನಮ್ಮ ಅಭಿಮಾನ ಕೊರಳಿನ ಚಪ್ಪಲಿ ಆಗಬಾರದು. ಫ್ರೆಂಚರಿಂದ ಬೋಂಜೂರ್ ಕಲಿಯೋಣ, ಇದನ್ನಲ್ಲ.

ಅಂದ ಹಾಗೆ ಬ್ರೆಟನ್ನಿನಲ್ಲಿ ನಮಸ್ಕಾರಕ್ಕೆ "ದೆಮಾತ್" ಅಂತಾರೆ. ಅದನ್ನೂ ಪಟ್ಟಿಗೆ ಸೇರಿಸಿದ್ದೀನಿ. ನಿಮ್ಮಲ್ಲಿ ಯಾರಾದ್ರೂ ಆ ಕಡೆ ಹೋಗಿಬಂದವರಿದ್ರೆ, ಇನ್ನೂ ಏನೇನು ಕಲಿಯಬೇಕು ಹೇಳಿ :)